ಹನ್ನೆರಡು ವರ್ಷದ ಮೇಲೆ ಬಂದ ಅಪ್ಪ



ಒಂದು ಸಂಜೆಯ ಮಾತಿಗೆ ಒಂದೇ ಸಿನಿಮಾ ಸಾಕೇ ಎಂದು ನಿಮಗನ್ನಿಸಬಹುದು. ನನಗೆ ಅದು ಸಾಕಾಗಿ ಮಿಗುತ್ತದೆ. ರಷ್ಯಾದ ಆಂದ್ರೇಯ್ ಜ್ವ್ಯಾಗಿಂತ್ಸೆವ್ ನಿರ್ದೇಶಿಸಿದ, ಹೊರದೇಶಗಳಲ್ಲಿ ‘ದ ರಿಟರ್ನ್’ ಎಂದು ಹೆಸರಾದ 2003ರ ಚಿತ್ರವನ್ನು ಹಿಡಿದುಕೊಂಡು, ಅಪ್ಪನಿಂದ ಮಗನಿಗೆ ಏನು ದಾಟುತ್ತದೆ, ಹುಡುಗನೊಬ್ಬ ಯಾವ ಗಳಿಗೆಯಲ್ಲಿ ದೊಡ್ಡವನಾಗುತ್ತಾನೆ ಎಂಬ ಎರಡು ಪ್ರಶ್ನೆಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅಪ್ಪ ಬಿಟ್ಟುಹೋಗುವುದು ಏನನ್ನು ಎಂದರೆ ನಾವು ಆಸ್ತಿ ಎನ್ನುತ್ತೇವೆ, ಹೆಸರು ಎನ್ನುತ್ತೇವೆ, ಬುದ್ಧಿಮಾತು ಎನ್ನುತ್ತೇವೆ. ಈ ಚಿತ್ರದ ಅಪ್ಪನ ಹತ್ತಿರ ಮೂರೂ ಇಲ್ಲ. ಅವನಿಗೆ ಹೆಸರನ್ನೇ ಇಟ್ಟಿಲ್ಲ. ಅವನು ಬರೀ ‘ಅಪ್ಪ’. ಕೊನೆಯ ಗಳಿಗೆಯ ತನಕ ಪ್ರೀತಿಯ ಒಂದು ಮಾತೂ ಅವನ ನಾಲಿಗೆಗೆ ಬರುವುದಿಲ್ಲ. ಆದರೂ ಅವನಿಂದ ಮಕ್ಕಳಿಗೆ ಏನೋ ದಾಟಿದೆ. ದಾಟಿದ್ದು ಕೈಯಿಂದ ಕೈಗೆ, ಕೆಲಸದ ಮೂಲಕ, ಮತ್ತು ಅದು ಗೊತ್ತಾಗುವುದು ಅವನು ಸತ್ತ ಮೇಲೆ. ಈ ಮಾತನ್ನು ನಿಧಾನವಾಗಿ ಬಿಡಿಸಿ ತೋರಿಸುವುದಕ್ಕೆ ನಿಮ್ಮ ಸಮಯ ಕೇಳುತ್ತಿದ್ದೇನೆ.

ನಿರ್ದೇಶಕರ ಬಗ್ಗೆ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಜ್ವ್ಯಾಗಿಂತ್ಸೆವ್ ಹುಟ್ಟಿದ್ದು 1964ರಲ್ಲಿ, ಸೈಬೀರಿಯಾದ ನವಸಿಬಿರ್ಸ್ಕ್ ನಗರದಲ್ಲಿ. ಅಲ್ಲಿಯೂ ಆಮೇಲೆ ಮಾಸ್ಕೋದಲ್ಲಿಯೂ ಕಲಿತದ್ದು ನಟನೆಯನ್ನು. ನಿರ್ದೇಶನವನ್ನು ಯಾವ ಶಾಲೆಯಲ್ಲೂ ಕಲಿತವರಲ್ಲ. ಟಿವಿಗೆ ಕೆಲವು ಕಂತುಗಳನ್ನು ಮಾಡಿಕೊಟ್ಟದ್ದನ್ನು ಬಿಟ್ಟರೆ ಇದೇ ಅವರ ಮೊದಲ ಸಿನಿಮಾ. ಆ ವರ್ಷದ ವೆನಿಸ್ ಚಿತ್ರೋತ್ಸವದಲ್ಲಿ ಅದು ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಸಿಂಹವನ್ನೂ ಚೊಚ್ಚಲ ಚಿತ್ರಕ್ಕೆ ಕೊಡುವ ಪ್ರಶಸ್ತಿಯನ್ನೂ ಒಟ್ಟಿಗೆ ಗೆದ್ದಿತು. 1962ರಲ್ಲಿ ಸೋವಿಯತ್ ನಿರ್ದೇಶಕ ತರ್ಕೋವ್‌ಸ್ಕಿಯ ‘ಇವಾನನ ಬಾಲ್ಯ’ಕ್ಕೆ ಇದೇ ಸಿಂಹ ಸಿಕ್ಕಿತ್ತು, ಅದೂ ಚೊಚ್ಚಲ ಚಿತ್ರವೇ, ಅದೂ ಇವಾನನೆಂಬ ಹುಡುಗನ ಕಥೆಯೇ.

ಕಥೆ ಒಂದು ಭಾನುವಾರ ಶುರುವಾಗಿ ಶನಿವಾರ ಮುಗಿಯುತ್ತದೆ. ನೀರಿನ ಅಂಚಿನಲ್ಲಿ ಎತ್ತರದ ಒಂದು ಗೋಪುರ. ಹುಡುಗರು ಒಬ್ಬೊಬ್ಬರಾಗಿ ಮೇಲಿಂದ ಹಾರುತ್ತಿದ್ದಾರೆ. ಹಾರದೆ ಏಣಿಯಿಂದ ಇಳಿದು ಬಂದವನು ಹೇಡಿ ಎಂಬುದು ಅವರೊಳಗಿನ ಕಟ್ಟಳೆ. ಹದಿನೈದರ ಆಸುಪಾಸಿನ ಅಣ್ಣ ಆಂದ್ರೇಯ್ ಹಾರುತ್ತಾನೆ. ಅವನಿಗಿಂತ ಎರಡು ಮೂರು ವರ್ಷ ಚಿಕ್ಕವನಾದ ಇವಾನ್ ಹಾರಲಾರ, ಇಳಿಯಲೂ ಒಲ್ಲ. ಉಳಿದವರೆಲ್ಲ ಹೊರಟುಹೋಗುತ್ತಾರೆ. ಹೊತ್ತು ಇಳಿಯುತ್ತದೆ. ಚಳಿಗೆ ನಡುಗುತ್ತ ಮೇಲೆ ಕೂತ ಮಗನನ್ನು ಹುಡುಕಿಕೊಂಡು ತಾಯಿ ಬರುತ್ತಾಳೆ, ಏಣಿ ಹತ್ತುತ್ತಾಳೆ, ತಬ್ಬಿಕೊಳ್ಳುತ್ತಾಳೆ, ಇನ್ನೊಂದು ದಿನ ಹಾರಿದರಾಯಿತು ಎನ್ನುತ್ತಾಳೆ. ನೀನು ಬಾರದಿದ್ದರೆ ನಾನು ಇಲ್ಲೇ ಸತ್ತೇಹೋಗುತ್ತಿದ್ದೆ ಎಂದು ಮಗ ಅಳುತ್ತಾನೆ. ಈ ಏಣಿ, ಈ ಎತ್ತರ, ಇದನ್ನು ಹತ್ತಿ ಬಂದ ಹೆತ್ತವಳು: ಇಷ್ಟನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಶುಕ್ರವಾರ ಇನ್ನೊಂದು ಗೋಪುರ ಬರುತ್ತದೆ.

ಮರುದಿನ ಅಣ್ಣತಮ್ಮ ಬಡಿದಾಡಿಕೊಂಡು, ಒಬ್ಬನ ಮೇಲೊಬ್ಬ ದೂರು ಹೇಳಲು ಮನೆಗೆ ಓಡಿ ಬರುತ್ತಾರೆ. ತಾಯಿ ಹೊರಗೆ ನಿಂತು ಸಿಗರೇಟು ಸೇದುತ್ತಿದ್ದಾಳೆ. ಗಲಾಟೆ ಮಾಡಬೇಡಿ, ಅಪ್ಪ ಮಲಗಿದ್ದಾರೆ ಎನ್ನುತ್ತಾಳೆ. ಹನ್ನೆರಡು ವರ್ಷ ಪತ್ತೆಯಿಲ್ಲದ ಅಪ್ಪ. ಬಾಗಿಲ ಸಂದಿಯಿಂದ ಮಕ್ಕಳು ನೋಡುವುದು ಪಾದಗಳ ಕಡೆಯಿಂದ; ಇಟಲಿಯ ಮಾಂತೇನ್ಯ ಬರೆದ ಮೃತ ಕ್ರಿಸ್ತನ ಚಿತ್ರದಲ್ಲಿ ದೇಹ ಮಲಗಿರುವುದು ಹೀಗೆಯೇ. ಕೂಡಲೇ ಇಬ್ಬರೂ ಅಟ್ಟಕ್ಕೆ ಓಡುತ್ತಾರೆ. ಅಲ್ಲೊಂದು ಪೆಟ್ಟಿಗೆ, ಪೆಟ್ಟಿಗೆಯಲ್ಲೊಂದು ಸಚಿತ್ರ ಬೈಬಲ್, ಅದರ ಹಾಳೆಗಳ ನಡುವೆ ಹಳೆಯ ಫೋಟೋ. ಮಲಗಿರುವವನು ಅವನೇ ಹೌದೋ ಅಲ್ಲವೋ ಎಂದು ಮುಖ ತಾಳೆ ನೋಡುವುದಕ್ಕಾಗಿ. ಫೋಟೋ ಸಿಕ್ಕಿದ ಪುಟದಲ್ಲಿ ಅಬ್ರಹಾಮ ಮಗ ಇಸಾಕನನ್ನು ಬಲಿಕೊಡಲು ಕತ್ತಿ ಎತ್ತಿದ ಚಿತ್ರವಿದೆ. ನೋಡುವವರು ಬೆಚ್ಚುತ್ತಾರೆ, ಮಕ್ಕಳು ಅದನ್ನು ಗಮನಿಸುವುದೂ ಇಲ್ಲ.

ಮಕ್ಕಳು ಹೀಗೆ ರುಜುವಾತು ಹುಡುಕುತ್ತಾರಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ರಷ್ಯಾದ ಸಿನಿಮಾಕ್ಕೆ ಅಪ್ಪನಿಲ್ಲದ ಮನೆ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಸುಮಾರು 2.7 ಕೋಟಿ ಜನರನ್ನು ಕಳೆದುಕೊಂಡಿತು; ಅವರಲ್ಲಿ ಬಹುಪಾಲು ಗಂಡಸರು. ಒಂದಿಡೀ ತಲೆಮಾರು ಅಮ್ಮ, ಅಜ್ಜಿಯರ ಕೈಯಲ್ಲಿ ಬೆಳೆಯಿತು. 1959ರಲ್ಲಿ ಸೆರ್ಗೇಯ್ ಬಂದಾರ್‌ಚುಕ್ ತಮ್ಮ ಮೊದಲ ಚಿತ್ರವಾಗಿ ಶೋಲೊಖೊವ್‌ರ ಕಥೆಯನ್ನಾಧರಿಸಿ ‘ಮನುಷ್ಯನೊಬ್ಬನ ವಿಧಿ’ ತೆಗೆದರು. ಯುದ್ಧದಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡ ಲಾರಿ ಚಾಲಕನೊಬ್ಬ ಬೀದಿಪಾಲಾದ ಅನಾಥ ಹುಡುಗನನ್ನು ಲಾರಿಯಲ್ಲಿ ಕೂರಿಸಿಕೊಂಡು ನಾನೇ ನಿನ್ನ ಅಪ್ಪ ಎನ್ನುತ್ತಾನೆ. ಹುಡುಗ ಒಂದು ಕ್ಷಣವೂ ಅನುಮಾನಿಸದೆ ಕೊರಳಿಗೆ ಬೀಳುತ್ತಾನೆ. ಆ ಚಾಲಕನ ಹೆಸರು ಆಂದ್ರೇಯ್, ಹುಡುಗನ ಹೆಸರು ವಾನ್ಯ, ಅಂದರೆ ಇವಾನ್. ಅಲ್ಲಿ ಹೆತ್ತ ಅಪ್ಪನಲ್ಲದವನನ್ನು ಮಗು ಕಣ್ಣುಮುಚ್ಚಿ ನಂಬಿತು. ನಲವತ್ತನಾಲ್ಕು ವರ್ಷಗಳ ಮೇಲೆ ಇನ್ನೊಬ್ಬ ಇವಾನ್ ಹೆತ್ತ ಅಪ್ಪನಿಗೇ ಫೋಟೋ ಹಿಡಿದು ತಾಳೆ ನೋಡುತ್ತಾನೆ.

ಈ ಎರಡರ ನಡುವಿನ ದಾರಿಯಲ್ಲಿ ಇನ್ನೂ ಕೆಲವು ಅಪ್ಪಂದಿರಿದ್ದಾರೆ. ಮಾರ್ಲೆನ್ ಖುತ್ಸಿಯೆವ್‌ರ ಚಿತ್ರವೊಂದರಲ್ಲಿ ಯುದ್ಧದಲ್ಲಿ ಸತ್ತ ಅಪ್ಪ ಮಗನ ಕಣ್ಣಿಗೆ ಕಾಣಿಸಿಕೊಳ್ಳುತ್ತಾನೆ. ನಾನು ಹೇಗೆ ಬದುಕಬೇಕು ಎಂದು ಮಗ ಕೇಳಿದರೆ, ನಿನಗೆಷ್ಟು ವಯಸ್ಸು ಎಂದು ಅಪ್ಪ ಮರುಪ್ರಶ್ನೆ ಹಾಕುತ್ತಾನೆ. ಇಪ್ಪತ್ತಮೂರು. ನನಗೆ ಇಪ್ಪತ್ತೊಂದು, ನಿನಗೆ ನಾನೇನು ಹೇಳಲಿ ಎಂದು ಹೊರಟುಹೋಗುತ್ತಾನೆ. ಈ ಒಂದು ದೃಶ್ಯಕ್ಕೆ ಸೋವಿಯತ್ ನಾಯಕ ಕ್ರುಶ್ಚೇವ್ 1963ರಲ್ಲಿ ಬಹಿರಂಗವಾಗಿ ಸಿಡಿದೆದ್ದರು. ಪ್ರಾಣಿಗಳು ಕೂಡ ತಮ್ಮ ಮರಿಗಳನ್ನು ಹೀಗೆ ಕೈಬಿಡುವುದಿಲ್ಲ ಎಂಬುದು ಅವರ ವಾದ. ಚಿತ್ರ ಕತ್ತರಿ ತಿಂದು, ‘ನನಗೆ ಇಪ್ಪತ್ತು’ ಎಂದು ಹೆಸರು ಬದಲಿಸಿಕೊಂಡು 1965ರಲ್ಲಿ ತೆರೆಕಂಡಿತು. ಅಪ್ಪನಿಗೆ ಉತ್ತರ ಗೊತ್ತಿಲ್ಲ ಎಂದು ತೋರಿಸುವುದನ್ನು ಒಂದು ಪ್ರಭುತ್ವ ಅಷ್ಟು ಅಪಾಯವೆಂದು ಬಗೆದದ್ದನ್ನು ನಾವು ಮರೆಯಬಾರದು. 1975ರ ‘ಕನ್ನಡಿ’ಯಲ್ಲಿ ತರ್ಕೋವ್‌ಸ್ಕಿ ತಮ್ಮನ್ನು ಬಾಲ್ಯದಲ್ಲೇ ಬಿಟ್ಟುಹೋಗಿದ್ದ ತಂದೆ, ಕವಿ ಅರ್ಸೇನಿ ತರ್ಕೋವ್‌ಸ್ಕಿಯವರ ಕವಿತೆಗಳನ್ನು ಅವರದೇ ದನಿಯಲ್ಲಿ ಓದಿಸಿದರು. ಮನೆಯಲ್ಲಿ ಇಲ್ಲದ ಅಪ್ಪ ಆ ಚಿತ್ರದುದ್ದಕ್ಕೂ ದನಿಯಾಗಿ ಇದ್ದಾನೆ. 1997ರ ‘ಕಳ್ಳ’ ಚಿತ್ರದಲ್ಲಿ ಪಾವೆಲ್ ಚುಖ್ರಾಯ್ ತೋರಿಸಿದ್ದು ಯುದ್ಧಾನಂತರದ ಹುಡುಗ ಸಾನ್ಯನನ್ನು. ತಾಯಿ ರೈಲಿನಲ್ಲಿ ಕಂಡು ಮನಸೋತ ಸೇನಾಧಿಕಾರಿ ವೇಷದ ಕಳ್ಳನನ್ನು ಅಪ್ಪ ಎನ್ನಲು ಸಾನ್ಯನಿಗೆ ಬಾಯಿ ಬರುವುದಿಲ್ಲ. ಕೊನೆಗೆ ಪೊಲೀಸರು ಅವನನ್ನು ಲಾರಿಗೆ ಹತ್ತಿಸಿ ಒಯ್ಯುವಾಗ ಹಿಮದಲ್ಲಿ ಲಾರಿಯ ಹಿಂದೆ ಓಡುತ್ತ ‘ಅಪ್ಪಾ’ ಎಂದು ಚೀರುತ್ತಾನೆ. ಹೊರಟುಹೋದ ಮೇಲೆ ಹೊರಡುವ ಈ ಕರೆ ಜ್ವ್ಯಾಗಿಂತ್ಸೆವ್‌ರ ಚಿತ್ರದಲ್ಲೂ ಬರುತ್ತದೆ, ಇನ್ನೂ ಭಯಂಕರವಾಗಿ.

ಮೂಲ ಕಥೆಗೆ ಮರಳೋಣ. ಅಪ್ಪ ಮಕ್ಕಳನ್ನು ಕಾರಿನಲ್ಲಿ ಮೀನು ಹಿಡಿಯಲು ಕರೆದೊಯ್ಯುತ್ತಾನೆ. ಚಿತ್ರ ತಯಾರಾದದ್ದು ಲೆನಿನ್‌ಗ್ರಾದ್ ಪ್ರಾಂತ್ಯದಲ್ಲಿ, ಯೂರೋಪಿನ ಅತಿ ದೊಡ್ಡ ಸರೋವರವಾದ ಲದೋಗಾ ಮತ್ತು ಫಿನ್ಲೆಂಡ್ ಕೊಲ್ಲಿಯ ದಡಗಳಲ್ಲಿ, 2002ರ ಬೇಸಿಗೆಯಲ್ಲಿ. ಬೇಸಿಗೆಯೆಂದು ನಂಬುವುದು ಕಷ್ಟ. ಮಿಖಾಯಿಲ್ ಕ್ರಿಚ್‌ಮನ್‌ರ ಕ್ಯಾಮರಾ ಹಸಿರನ್ನೂ ಹಳದಿಯನ್ನೂ ಹಿಂಡಿ ತೆಗೆದು ಬೂದಿ ಬೆರೆತ ನೀಲಿಯನ್ನಷ್ಟೇ ಉಳಿಸಿದೆ. ಊರುಗಳಲ್ಲಿ ಜನರೇ ಇಲ್ಲವೇನೋ ಎಂಬಷ್ಟು ಖಾಲಿ. ಈ ಖಾಲಿಯಲ್ಲಿ ಮೂವರ ಮುಖಗಳು ಬಿಟ್ಟರೆ ಕಣ್ಣು ಆನಿಕೊಳ್ಳಲು ಬೇರೆ ಏನೂ ಸಿಗುವುದಿಲ್ಲ.

ದಾರಿಯುದ್ದಕ್ಕೂ ಅಪ್ಪ ಆಜ್ಞೆ ಮಾಡುತ್ತಾನೆ. ನನ್ನನ್ನು ಅಪ್ಪ ಎಂದು ಕರೆ ಎಂಬುದೂ ಒಂದು ಆಜ್ಞೆಯೇ. ಆಂದ್ರೇಯ್ ಕರೆಯುತ್ತಾನೆ, ಅಪ್ಪ ಬೇಕು ಎಂಬ ಹಸಿವು ಅವನ ಮುಖದಲ್ಲೇ ಇದೆ. ಇವಾನನ ಗಂಟಲಲ್ಲಿ ಆ ಪದ ಸಿಕ್ಕಿಕೊಳ್ಳುತ್ತದೆ. ಹೋಟೆಲು ಹುಡುಕಲು ಕಳಿಸಿದ ಹಿರಿಯ ಮಗ ಮೂರು ಗಂಟೆ ತಡ ಮಾಡಿದರೆ ಬೈಗುಳ. ಕಿರಿಯವನು ಊಟ ಒಲ್ಲೆನೆಂದರೆ ಗದರಿಕೆ. ಮಕ್ಕಳ ಕೈಯಿಂದ ಪರ್ಸು ಕಿತ್ತುಕೊಂಡ ಹುಡುಗನನ್ನು ಹಿಡಿದು ತಂದು ಹೊಡೆಯಿರಿ ಎನ್ನುತ್ತಾನೆ. ಇಬ್ಬರಿಗೂ ಕೈ ಬರುವುದಿಲ್ಲ. ಇನ್ನೂ ಮೀನು ಹಿಡಿಯಬೇಕಿತ್ತು ಎಂದು ಇವಾನ್ ಒಂದೇ ಸಮ ಗೊಣಗಿದಾಗ, ಸೇತುವೆಯೊಂದರ ಮೇಲೆ ಗಾಳದ ಕೋಲಿನ ಸಮೇತ ಅವನನ್ನಿಳಿಸಿ ಕಾರು ಹೊರಟುಹೋಗುತ್ತದೆ. ಮಳೆ ಸುರಿಯುತ್ತದೆ. ಹುಡುಗ ನೆನೆದು ತೊಪ್ಪೆಯಾದ ಮೇಲೆ ಕಾರು ಹಿಂತಿರುಗುತ್ತದೆ. ಒಳಗೆ ಕೂತ ಇವಾನ್ ಸಿಡಿಯುತ್ತಾನೆ: ಯಾಕೆ ಬಂದೆ? ಅಮ್ಮ, ಅಜ್ಜಿಯ ಜೊತೆ ನಾವು ಚೆನ್ನಾಗಿಯೇ ಇದ್ದೆವು, ನಾವು ನಿನಗೆ ಯಾತಕ್ಕೆ ಬೇಕು? ನಿಮ್ಮ ಅಮ್ಮ ಕೇಳಿದಳು ಅದಕ್ಕೆ, ಎಂಬಂಥ ಮೊಂಡು ಉತ್ತರ ಬಿಟ್ಟರೆ ಅಪ್ಪನಲ್ಲಿ ಬೇರೆ ಮಾತಿಲ್ಲ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಸಂಕಟವಾಗುವುದು ಇಲ್ಲಿ. ಹುಡುಗ ಕೇಳಿದ್ದು ನ್ಯಾಯವಾದ ಪ್ರಶ್ನೆ, ಪ್ರಪಂಚದ ಯಾವ ಮಗುವೂ ಕೇಳಬಹುದಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡದವನ ತಪ್ಪನ್ನು ನಾನು ಯಾವ ಸಂಕೇತದ ಹೆಸರಿನಲ್ಲೂ ಮಾಫಿ ಮಾಡಲಾರೆ.

ಆದರೆ ಅದೇ ಮಳೆಯಲ್ಲಿ ಕಾರಿನ ಚಕ್ರ ಕೆಸರಿನಲ್ಲಿ ಹೂತುಹೋಗುತ್ತದೆ. ಚಕ್ರದಡಿಗೆ ಕೊಂಬೆರೆಂಬೆ ತುಂಬಿ, ತಳ್ಳಿ ಎನ್ನುತ್ತಾನೆ ಅಪ್ಪ. ಆಂದ್ರೇಯ್‌ಗೆ ಬಾರದು, ಏಟು ಬೀಳುತ್ತದೆ. ಬೈಯುತ್ತಲೇ ಕೊಡಲಿ ಹಿಡಿದು ಹೇಗೆ ಮಾಡಬೇಕೆಂದು ಮಾಡಿ ತೋರಿಸುತ್ತಾನೆ. ಆಮೇಲೆ ಸ್ಟೀರಿಂಗ್ ಮುಂದೆ ಹಿರಿಯ ಮಗನನ್ನೇ ಕೂರಿಸುತ್ತಾನೆ. ಮುಂದೆ ದ್ವೀಪವೊಂದಕ್ಕೆ ಹೋಗುವ ದೋಣಿಯ ತಳಕ್ಕೆ ಡಾಂಬರು ಬಳಿಯುವ ಕೆಲಸ ಇಬ್ಬರಿಗೂ. ನಡುನೀರಿನಲ್ಲಿ ಮೋಟಾರು ಕೈಕೊಟ್ಟಾಗ, ಬಿರುಮಳೆಯಲ್ಲಿ, ಅಂಗೈ ಬೊಬ್ಬೆಯೇಳುವ ತನಕ ಹುಟ್ಟು ಹಾಕುವವರೂ ಮಕ್ಕಳೇ; ಅಪ್ಪ ಎದುರು ಕೂತು ಲೆಕ್ಕ ಹೇಳುತ್ತಾನೆ. ದ್ವೀಪದಲ್ಲಿ ಗುಡಾರ ಹಾಕುವುದು, ಬೆಂಕಿ ಹೊತ್ತಿಸುವುದು, ಕೈಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಮರಳುವುದು. ಇವು ಹನ್ನೆರಡು ವರ್ಷದಲ್ಲಿ ದಿನಕ್ಕಿಷ್ಟು ಎಂದು ಹರಿದು ಬರಬೇಕಿದ್ದ ವಿದ್ಯೆಗಳು. ಕಟ್ಟೆಯೊಡೆದ ಕೆರೆಯ ನೀರಿನಂತೆ ಒಂದೇ ವಾರದಲ್ಲಿ ನುಗ್ಗಿ ಬಂದು ಪೈರನ್ನೇ ಮಲಗಿಸುತ್ತವೆ. ಅಪ್ಪನ ಅವಸರಕ್ಕೆ ಕಾರಣವೇನೆಂದು ಚಿತ್ರ ಹೇಳುವುದಿಲ್ಲ. ಅವನು ಜೈಲಿನಲ್ಲಿದ್ದನೇ, ಸೈನ್ಯದಲ್ಲಿದ್ದನೇ? ದ್ವೀಪದ ಪಾಳುಮನೆಯ ನೆಲ ಅಗೆದು ತೆಗೆದ ಪೆಟ್ಟಿಗೆಯಲ್ಲಿ ಇದ್ದದ್ದೇನು? ಕೊನೆಯವರೆಗೂ ತಿಳಿಯುವುದಿಲ್ಲ. ಒಮ್ಮೆ ಅವನು ಮೀನು ತಿನ್ನುವುದಿಲ್ಲ ಎನ್ನುತ್ತಾನೆ, ಹಿಂದೆ ತಿಂದು ತಿಂದು ಸಾಕಾಗಿದೆಯಂತೆ. ಎಲ್ಲಿ, ಯಾವಾಗ ಎಂದು ಮಕ್ಕಳು ಕೇಳುವುದಿಲ್ಲ, ಅವನು ಹೇಳುವುದಿಲ್ಲ. ತಮ್ಮ ಅಪ್ಪನ ಬದುಕಿನಲ್ಲಿ ಹೀಗೆ ಕೇಳದೆ ಉಳಿಸಿಕೊಂಡ ವರ್ಷಗಳು ಈ ಸಭೆಯಲ್ಲಿರುವ ಅನೇಕರಿಗೆ ಇದ್ದಾವು.

ಶುಕ್ರವಾರ ಮಕ್ಕಳು ದೋಣಿ ತೆಗೆದುಕೊಂಡು ಹೋಗಿ ಹೇಳಿದ ಹೊತ್ತಿಗೆ ಬಾರದೆ ಎಷ್ಟೋ ತಡವಾಗಿ ಮರಳುತ್ತಾರೆ. ಅಪ್ಪ ಆಂದ್ರೇಯ್‌ಗೆ ಹೊಡೆಯುತ್ತಾನೆ. ಕದ್ದಿಟ್ಟುಕೊಂಡಿದ್ದ ಅಪ್ಪನ ಚಾಕುವನ್ನೇ ಇವಾನ್ ಅಪ್ಪನ ಕಡೆಗೆ ಹಿಡಿಯುತ್ತಾನೆ. ನೀನು ಬೇರೆ ಥರ ಇದ್ದಿದ್ದರೆ ನಿನ್ನನ್ನು ಪ್ರೀತಿಸಬಹುದಿತ್ತು ಎಂದು ಕೂಗಿ, ಚಾಕು ಎಸೆದು, ದ್ವೀಪದ ಗೋಪುರದತ್ತ ಓಡುತ್ತಾನೆ. ಭಾನುವಾರ ಹಾರಲಾರದೆ ಕೂತವನು ಈಗ ಮೇಲೇರಿ, ಮುಚ್ಚಳದ ಬಾಗಿಲು ಹಾಕಿಕೊಂಡು, ಹಾರುತ್ತೇನೆ ಎನ್ನುತ್ತಾನೆ. ಅಪ್ಪ ಏಣಿ ಹತ್ತುತ್ತಾನೆ. ತಾಯಿ ಹತ್ತಿದ ಹಾಗೆಯೇ. ಅವಳಿಗೆ ಸಾಧ್ಯವಾದ ತಬ್ಬುಗೆಯನ್ನು ತಲುಪಲು ಇವನು ಗೋಪುರದ ಹೊರಮೈಯನ್ನು ಹಿಡಿದು ಮೇಲೇರಬೇಕು. ವಾನ್ಯ, ಮಗನೇ ಎನ್ನುತ್ತಾನೆ. ವಾರವಿಡೀ ಬಾರದಿದ್ದ ದನಿ ಆಗ ಬರುತ್ತದೆ. ಹಿಡಿದ ಹಲಗೆ ಕಿತ್ತು ಬರುತ್ತದೆ. ಅಷ್ಟೇ.

ಇವಾನ್ ಅಪ್ಪನನ್ನು ಕೊಂದನೇ? ಮಗ ಅಪ್ಪನನ್ನು ಮೀರಲು ಅವನನ್ನು ಕೊಲ್ಲಲೇಬೇಕು ಎಂಬ ಫ್ರಾಯ್ಡ್‌ನ ದಾರಿ ಹಿಡಿದವರು ಹೌದೆನ್ನುತ್ತಾರೆ. ನನಗದು ಒಪ್ಪಿಗೆಯಿಲ್ಲ. ಕೊಂದದ್ದು ಕೊಳೆತ ಹಲಗೆ. ಕೊಲ್ಲುವ ಮನಸ್ಸಿದ್ದವನು ಚಾಕು ಕೈಯಲ್ಲಿದ್ದಾಗಲೇ ಅದನ್ನು ನೆಲಕ್ಕೆಸೆಯುತ್ತಿರಲಿಲ್ಲ. ನಮ್ಮ ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದವರಿಗೆ, ಬಯಲಾಟದಲ್ಲಿ ಕಂಡವರಿಗೆ, ಇಲ್ಲಿ ಬಭ್ರುವಾಹನ ನೆನಪಾಗದಿರಲಾರ. ತಾಯಿಯ ಬಾಯಿಂದಷ್ಟೇ ಅಪ್ಪನನ್ನು ಬಲ್ಲ ಮಗ, ಬಂದೊಡನೆ ಅವಮಾನಿಸುವ ಅಪ್ಪ, ಯುದ್ಧ, ಅಪ್ಪನ ಸಾವು. ಆದರೆ ಬಭ್ರುವಾಹನನಿಗೆ ನಾಗಲೋಕದಿಂದ ಸಂಜೀವಕ ಮಣಿ ತರುವ ದಾರಿಯಿತ್ತು. ಅರ್ಜುನ ಎದ್ದು ಕೂತು ಮಗನನ್ನು ತಬ್ಬಿಕೊಳ್ಳುತ್ತಾನೆ. ಲದೋಗಾದ ಹುಡುಗರಿಗೆ ಮಣಿ ತರಲು ಯಾವ ಲೋಕವೂ ಇಲ್ಲ. ಅವರ ಮುಂದಿರುವುದು ದೊಡ್ಡ ಗಂಡಸೊಬ್ಬನ ಹೆಣ, ಅದನ್ನು ದಡ ಸೇರಿಸುವ ಕೆಲಸ.

ಆ ಕೆಲಸವೇ ಈ ಚಿತ್ರದ ಹೃದಯ ಎಂದು ನಾನು ನಂಬಿದ್ದೇನೆ. ಹೇಗೆ ಒಯ್ಯುವುದು ಎಂದು ಇವಾನ್ ಕೇಳುತ್ತಾನೆ. ಕೈಯಿಂದಲೇ, ಎನ್ನುತ್ತಾನೆ ಆಂದ್ರೇಯ್. ದನಿ ಅಪ್ಪನದು, ಚುಟುಕು ಆಜ್ಞೆಯ ಧಾಟಿಯೂ ಅಪ್ಪನದೇ. ಮೊದಲು ಎಳೆದು ನೋಡುತ್ತಾರೆ, ಆಗದು. ಆಗ ಆಂದ್ರೇಯ್ ಕೊಡಲಿ ತಂದು ಕೊಂಬೆ ಕಡಿಯುತ್ತಾನೆ. ಕೆಸರಿನಲ್ಲಿ ಚಕ್ರದಡಿ ಹಾಸಿದ ಅದೇ ಕೊಂಬೆಗಳು. ಅವುಗಳ ಮೇಲೆ ಅಪ್ಪನನ್ನು ಮಲಗಿಸಿ, ಕಾಡಿನೊಳಗಿಂದ ದಡದವರೆಗೆ ಎಳೆದು, ದೋಣಿಗೆ ಹಾಕಿ, ಬೊಬ್ಬೆಯೆದ್ದಿದ್ದ ಅದೇ ಕೈಗಳಲ್ಲಿ ಹುಟ್ಟು ಹಿಡಿದು ಆಚೆ ದಡ ಸೇರುತ್ತಾರೆ. ಏಟಿನ ಜೊತೆಗೆ ಕಲಿತ ಪ್ರತಿಯೊಂದು ವಿದ್ಯೆಯೂ ಆ ಗಳಿಗೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಏಟು ಇದರಿಂದ ಸರಿಯಾಯಿತು ಎಂದು ನಾನು ಹೇಳುತ್ತಿಲ್ಲ. ಮಗುವಿಗೆ ಕೈಯೆತ್ತುವುದು ಯಾವ ವಿದ್ಯೆಗೂ ಬೆಲೆಯಾಗಬಾರದು. ನಿರ್ದೇಶಕರೂ ಅದನ್ನು ಹೊಗಳಿಲ್ಲ. ಏಟು ಬಿದ್ದ ಮುಖವನ್ನು ಅವರ ಕ್ಯಾಮರಾ ಬಿಟ್ಟು ಕದಲುವುದೇ ಇಲ್ಲ. ಆದರೂ ಕಲಿಕೆ ನಡೆದದ್ದು ನಿಜ. ಆಂದ್ರೇಯ್ ದೊಡ್ಡವನಾದದ್ದು ಗೋಪುರದಿಂದ ಹಾರಿದಾಗ ಅಲ್ಲ. ಅಳುತ್ತ ಕೂರಲು ಹೊತ್ತಿಲ್ಲ, ತಮ್ಮ ಜೊತೆಗಿದ್ದಾನೆ, ಕೊಂಬೆ ಕಡಿಯಬೇಕು ಎಂದು ಎದ್ದಾಗ.

ದಡದಲ್ಲಿ ದೋಣಿ ಬಿಟ್ಟು ಸಾಮಾನನ್ನು ಕಾರಿಗಿಡಲು ಹೋದ ಎರಡು ನಿಮಿಷದಲ್ಲಿ ದೋಣಿ ಜಾರಿ ನೀರಿಗಿಳಿದಿದೆ, ತೇಲುತ್ತ ಮುಳುಗುತ್ತಿದೆ. ಅಪ್ಪನೂ ಆ ಪೆಟ್ಟಿಗೆಯೂ ಒಟ್ಟಿಗೆ. ನೀರಿಗೆ ಓಡುತ್ತ ಇವಾನ್ ‘ಅಪ್ಪಾ, ಅಪ್ಪಾ’ ಎಂದು ಕೂಗುತ್ತಾನೆ. ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪದ. ಹಿಂದೆ ಆಜ್ಞೆಯಾಗಿ ಬಂದಾಗ ಆಡಲಾಗದ್ದನ್ನು ಈಗ ಕೇಳುವವರಿಲ್ಲದಾಗ ಆಡುತ್ತಾನೆ. ಇದನ್ನು ಪಶ್ಚಾತ್ತಾಪವೆಂದು ಓದುವುದು ಸುಲಭ. ನನ್ನ ಕಿವಿಗೆ ಅದು ಹಕ್ಕಿನ ಕೂಗು. ಇಷ್ಟು ದೂರ ಎಳೆದು ತಂದ ಮೇಲೆ ಆ ಮನುಷ್ಯ ಅವನಿಗೆ ಸೇರಿದವನು.

ಮರಳಿ ಬಂದ ಅಪ್ಪನನ್ನು ಕ್ರಿಸ್ತನೆಂದು, ಕಳೆದುಹೋದ ಸೋವಿಯತ್ ಪ್ರಭುತ್ವವೆಂದು, ಹೊಸ ರಷ್ಯಾದ ಗಟ್ಟಿ ಕೈಯ ನಾಯಕನೆಂದು ಓದಿದವರು ಬಹಳ. ಮಾಂತೇನ್ಯನ ಚಿತ್ರ, ಅಬ್ರಹಾಮನ ಪುಟ, ರಾತ್ರಿಯೂಟದಲ್ಲಿ ಅಪ್ಪ ಮುರಿದು ಹಂಚುವ ಕೋಳಿ ಮತ್ತು ಮಕ್ಕಳಿಗೂ ಸುರಿಯುವ ವೈನ್: ಇವೆಲ್ಲ ಆ ಕಡೆಗೆ ಕೈಮಾಡುವುದು ನಿಜ. ಕಾಲದ ಒತ್ತಡವೂ ಇತ್ತು. 1994ರ ಹೊತ್ತಿಗೆ ರಷ್ಯಾದ ಗಂಡಸರ ಸರಾಸರಿ ಆಯುಷ್ಯ 58 ವರ್ಷಕ್ಕಿಂತ ಕೆಳಗಿಳಿದಿತ್ತು. ಕಾರ್ಖಾನೆ ಮುಚ್ಚಿ, ಕುಡಿತ ಹೆಚ್ಚಿ, ಚೆಚೆನ್ಯಾದ ಯುದ್ಧಕ್ಕೆ ಹುಡುಗರು ಹೋಗಿ, ಯುದ್ಧಾನಂತರದ ಹಾಗೆಯೇ ಮತ್ತೊಂದು ತಲೆಮಾರಿನ ಮನೆಗಳಲ್ಲಿ ಅಪ್ಪನ ಜಾಗ ಬರಿದಾಗಿತ್ತು. ಆದರೆ ಸಂಕೇತವೇ ಎಲ್ಲವೆಂದು ಓದಿಬಿಟ್ಟರೆ ಕೊಂಬೆ ಕಡಿಯುವ ಹುಡುಗನ ಕೈ ಕಣ್ತಪ್ಪುತ್ತದೆ. ಆ ನಷ್ಟಕ್ಕೆ ನಾನು ತಯಾರಿಲ್ಲ.

ಒಂದು ಸಂಗತಿಯನ್ನು ಹೇಳದೆ ಮುಂದುವರಿಯಲಾರೆ. ಆಂದ್ರೇಯ್ ಪಾತ್ರ ಮಾಡಿದ ವ್ಲಾದಿಮಿರ್ ಗಾರಿನ್ ಎಂಬ ಹುಡುಗ ಚಿತ್ರ ವೆನಿಸ್ ತಲುಪುವ ಮೊದಲೇ, 2003ರ ಜೂನ್‌ನಲ್ಲಿ, ಸರೋವರವೊಂದರಲ್ಲಿ ಮುಳುಗಿ ತೀರಿಕೊಂಡ. ಅವನಿಗೆ ಹದಿನಾರು ವರ್ಷ. ಇದನ್ನು ಕಥೆಯ ಜೊತೆ ಹೆಣೆದು ವಿಧಿಯಾಟವೆಂದು ಬರೆದವರಿದ್ದಾರೆ. ಅದು ಆ ಹುಡುಗನಿಗೂ ಅವನ ಮನೆಯವರಿಗೂ ಮಾಡುವ ಅನ್ಯಾಯ. ಅವನು ಬಿಟ್ಟುಹೋದದ್ದು ಒಂದು ಅಪರೂಪದ ನಟನೆಯನ್ನು. ಅಪ್ಪನ ಮೆಚ್ಚುಗೆಗಾಗಿ ಹಂಬಲಿಸುವ ಮಗನ ನಗು ನಿಧಾನವಾಗಿ ಗಡುಸಾಗುವುದನ್ನು ಅಷ್ಟು ಸಣ್ಣ ಪ್ರಾಯದಲ್ಲಿ ಅಷ್ಟು ನಿಖರವಾಗಿ ತೋರಿಸಿದ ಇನ್ನೊಬ್ಬ ನಟ ನನಗೆ ನೆನಪಾಗುವುದಿಲ್ಲ. ಇವಾನನಾಗಿದ್ದ ಇವಾನ್ ದೊಬ್ರನ್‌ರಾವವ್, ಅಪ್ಪನಾಗಿದ್ದ ಕಾನ್ಸ್ತಾಂತಿನ್ ಲವ್ರೊನೆಂಕೊ ಇಬ್ಬರೂ ಮುಂದೆ ನಟರಾಗಿಯೇ ಹೆಸರು ಮಾಡಿದರು. ಲವ್ರೊನೆಂಕೊಗೆ 2007ರ ಕಾನ್ ಉತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು, ಅದೂ ಜ್ವ್ಯಾಗಿಂತ್ಸೆವ್‌ರ ಎರಡನೆಯ ಚಿತ್ರಕ್ಕೇ.

ಇಷ್ಟು ಮೆಚ್ಚಿದ ಚಿತ್ರದ ಮೇಲೆ ನನಗೊಂದು ತಕರಾರು ಇದೆ. ಅದು ತಾಯಿಯ ಬಗ್ಗೆ. ಹನ್ನೆರಡು ವರ್ಷ ಇಬ್ಬರು ಗಂಡುಮಕ್ಕಳನ್ನು ಸಾಕಿದವಳು ಅವಳು. ಏಣಿ ಹತ್ತಿದವಳು ಅವಳು. ಗಂಡ ಮರಳಿದ ರಾತ್ರಿ ಅವನ ಪಕ್ಕದಲ್ಲಿ ನಿದ್ದೆಯಿಲ್ಲದೆ ಮಲಗಿದವಳು. ಆಮೇಲೆ ಚಿತ್ರ ಅವಳನ್ನು ಮನೆಯಲ್ಲೇ ಬಿಟ್ಟು ಕಾರು ಹತ್ತುತ್ತದೆ, ತಿರುಗಿ ನೋಡುವುದಿಲ್ಲ. ದೊಡ್ಡವರಾಗುವ ಪಾಠವೆಲ್ಲ ಅಪ್ಪನ ಲೆಕ್ಕಕ್ಕೆ ಹೋಗುತ್ತದೆ. ಆದರೆ ಕೊಡಲಿ ಹಿಡಿಯಲು ಬಂದದ್ದು ಅಪ್ಪನಿಂದಾದರೆ, ಅಷ್ಟು ದೊಡ್ಡ ದುಃಖದಲ್ಲೂ ತಮ್ಮನ ಮೇಲೆ ತಪ್ಪು ಹೊರಿಸದೆ ಅವನನ್ನು ಜೊತೆಗೆ ನಡೆಸಿಕೊಂಡು ಹೋಗುವ ಗುಣ ಆಂದ್ರೇಯ್‌ಗೆ ಎಲ್ಲಿಂದ ಬಂತು? ನಿನ್ನಿಂದ ಹೀಗಾಯಿತು ಎಂದು ಒಂದು ಸಲವೂ ಅವನು ಇವಾನನಿಗೆ ಹೇಳುವುದಿಲ್ಲ. ಅದು ವಾರದಲ್ಲಿ ಕಲಿತದ್ದಲ್ಲ. ಜ್ವ್ಯಾಗಿಂತ್ಸೆವ್ 2017ರ ‘ಲವ್‌ಲೆಸ್’ನಲ್ಲಿ ಕಥೆಯನ್ನು ತಿರುವಿ ಹಾಕಿದರು: ಅಲ್ಲಿ ಕಾಣೆಯಾಗುವವನು ಹನ್ನೆರಡರ ಹುಡುಗ, ಹುಡುಕುವವರು ಬೇರೆಯಾಗಲು ಹೊರಟ ಅಪ್ಪ ಅಮ್ಮ. ತಾಯಿಗೆ ಆ ಚಿತ್ರದಲ್ಲಿ ಬೇಕಾದಷ್ಟು ಜಾಗವಿದೆ, ಆದರೆ ಮಗುವನ್ನು ಒಲ್ಲದ ತಾಯಿಯಾಗಿ. ಗೋಪುರ ಹತ್ತಿದ ಆ ಮೊದಲ ತಾಯಿಯ ಕಡೆಗೆ ಅವರ ಕ್ಯಾಮರಾ ಮರಳಿಲ್ಲ. ಮಕ್ಕಳು ಕಾರು ಓಡಿಸಿಕೊಂಡು ಮನೆ ತಲುಪಬೇಕು, ಆದದ್ದನ್ನು ಅವಳಿಗೆ ಹೇಳಬೇಕು. ಅದನ್ನು ಯಾರು ಹೇಳುತ್ತಾರೆ, ಹೇಗೆ ಹೇಳುತ್ತಾರೆ, ಕೇಳಿಸಿಕೊಂಡು ಅವಳೇನು ಮಾಡುತ್ತಾಳೆ ಎಂಬಲ್ಲಿಗೆ ಇನ್ನೊಂದು ಸಿನಿಮಾ ಬೇಕಿತ್ತು. ಅದನ್ನು ಅವರೇ ತೆಗೆಯಬೇಕಿತ್ತು.